ಮನೆ ಡೇಕೇರ್‌ಗೂ ತಲೆ ಎಣಿಸುವ ಕಾನೂನು ಬೇಕಾ?

ಕಲಬುರಗಿಯಲ್ಲಿ ಬೋರ್ಡು ಹಾಕಿಕೊಂಡ ಡೇಕೇರ್‌ಗಳು ಇವೆ. ಬೋರ್ಡಿಲ್ಲದವೂ ಇವೆ: ಒಂದು ಮನೆ, ಒಂದು ಪಡಸಾಲೆ, ಒಬ್ಬ ಅಕ್ಕ, ಸುತ್ತ ಐದಾರು ಮಕ್ಕಳು. ‘ಇಷ್ಟು ಮಕ್ಕಳಿಗೆ ಇಷ್ಟು ಜನ ಇರಲೇಬೇಕು’ ಅನ್ನೋ ಕಾನೂನು ಈ ಮನೆಗಳಿಗೂ ಬರಬೇಕಾ? ಇಬ್ಬರು ಬರೆದಿದ್ದಾರೆ. ಒಬ್ಬರು ಕೂಸನ್ನು ಬಿಟ್ಟು ಶಾಲೆಗೆ ಹೋಗುವ ಟೀಚರ್. ಇನ್ನೊಬ್ಬರು ಅಂಥ ಕೂಸುಗಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರು.

ಪರ: ಎರಡು ಕೈಗೆ ಎಷ್ಟು ಕೂಸು?

ಮಾರ್ಚ್ ಕೊನೆಯ ವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿ ಇತ್ತು. ಅವತ್ತು ಬೇಗ ಮುಗಿಯಿತು. ಜೇವರ್ಗಿ ರಸ್ತೆಯ ಬಸ್ಸು ಹಿಡಿದು ಎರಡು ಗಂಟೆಯ ಹೊತ್ತಿಗೇ ಊರಿಗೆ ಬಂದೆ. ದಿನಾ ಐದೂವರೆಗೆ ಹೋಗಿ ಮಗನನ್ನು ಕರೆದುಕೊಂಡು ಬರುವವಳು, ಇವತ್ತು ಬೇಗ ಹೋಗಿ ಎತ್ತಿಕೊಳ್ಳೋಣ ಅಂತ ಖುಷಿಯಿಂದ ಹೋದೆ.

ಬಾಗಿಲ ಮುಂದೆ ಪುಟ್ಟ ಚಪ್ಪಲಿಗಳು ಚೆಲ್ಲಾಡಿದ್ದವು. ಎಂಟು ಜೊತೆ. ನಡೆಯಲು ಬಾರದ ಕೂಸುಗಳಿಗೆ ಚಪ್ಪಲಿ ಇರಲ್ಲ. ಅವು ಒಳಗೆ ಇನ್ನೂ ಮೂರು. ನನ್ನವನೂ ಸೇರಿ.

ಕರೆಂಟು ಹೋಗಿತ್ತು. ಆಯಾ ಬಂದಿರಲಿಲ್ಲ, ಅವರ ಕಡೆ ಯಾರದೋ ಲಗ್ನ. ಅಕ್ಕ ಒಬ್ಬರೇ. ತೊಡೆ ಮೇಲೆ ಒಂದು ಕೂಸು, ಅದಕ್ಕೆ ಅನ್ನ-ಬೇಳೆ ಕಲಸಿ ತಿನ್ನಿಸುತ್ತಿದ್ದರು. ಪಕ್ಕದಲ್ಲಿ ಇಬ್ಬರು ಆಟದ ಲಾರಿಗಾಗಿ ಜುಟ್ಟು ಹಿಡಿದುಕೊಂಡಿದ್ದರು. ನನ್ನ ಹತ್ತು ತಿಂಗಳ ಮಗ ಮೂಲೆಯಲ್ಲಿ ಕೌದಿ ಮೇಲೆ ಮಲಗಿದ್ದ. ಬಾಯಲ್ಲಿ ಹಾಲಿನ ಬಾಟಲಿ. ಅದು ಜಾರಬಾರದು ಅಂತ ಕೆಳಗೆ ಮಡಚಿದ ಟವೆಲ್ ಕೊಟ್ಟಿದ್ದರು. ಹಿಡಿಯಲು ಕೈ ಇರಲಿಲ್ಲ, ಅದಕ್ಕೆ ಟವೆಲ್.

ಅಷ್ಟರಲ್ಲಿ ಬಚ್ಚಲಿನಿಂದ ನೀರು ತಟ್ಟುವ ಸದ್ದು ಕೇಳಿತು. ಹೋಗಿ ನೋಡಿದರೆ ಎರಡು ವರ್ಷದ ಹುಡುಗಿಯೊಬ್ಬಳು ತುಂಬಿದ ಬಕೆಟ್ಟಿನೊಳಗೆ ಬಗ್ಗಿ ಆಡುತ್ತಿದ್ದಳು. ಹಿಮ್ಮಡಿ ನೆಲ ಬಿಟ್ಟಿತ್ತು. ಫ್ರಾಕು ಹಿಡಿದು ಎಳೆದೆ. ಅವಳು ನಕ್ಕಳು. ನನಗೆ ಕಾಲು ಕುಸಿದ ಹಾಗಾಯಿತು. ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರಲ್ಲ. ಎಲ್ಲರ ಮನೆಯಲ್ಲೂ ಬಕೆಟ್ಟು, ಡ್ರಮ್ಮು ತುಂಬಿಯೇ ಇರುತ್ತವೆ. ಅಷ್ಟು ಸಣ್ಣ ಮಗು ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ತಾನೇ ಎದ್ದು ಬರಲಾಗದು. ಕೂಗಲೂ ಆಗದು.

ಅಕ್ಕನ ಮೇಲೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದರೆ ರಾತ್ರಿ ಕೂತು ಯೋಚಿಸಿದರೆ, ಆಕೆ ಕೆಟ್ಟವರೂ ಅಲ್ಲ, ಸೋಮಾರಿಯೂ ಅಲ್ಲ. ಆಕೆಗೆ ಇದ್ದದ್ದು ಎರಡು ಕೈ, ಒಂದು ಜೊತೆ ಕಣ್ಣು. ಮಕ್ಕಳು ಹನ್ನೊಂದು. ನಾಳೆ ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡರೆ ನಡೆಯಲು ಬಾರದ ಎಷ್ಟು ಕೂಸುಗಳನ್ನು ಒಬ್ಬರು ಎತ್ತಿಕೊಂಡು ಓಡಬಹುದು? ಎರಡು. ಮೂರನೆಯದನ್ನು ಯಾರು ಎತ್ತಿಕೊಳ್ಳಬೇಕು? ತಲೆ ಎಣಿಸುವ ಕಾನೂನು ಅಂದರೆ ಇದೇ ಪ್ರಶ್ನೆ. ದೊಡ್ಡ ಶಿಕ್ಷಣ ತತ್ವ ಏನೂ ಇಲ್ಲ ಅದರಲ್ಲಿ.

ನಮ್ಮಲ್ಲಿ ಈ ಎಣಿಕೆ ಇಲ್ಲವೇ ಇಲ್ಲ ಅಂತಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿ ಆಯಿತು. ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಜಾಸ್ತಿ ಕೆಲಸಗಾರರು ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತಾಯಿತು. ಅದರ ಬೆನ್ನಿಗೆ ಕೇಂದ್ರ ಸರ್ಕಾರ ಮಾರ್ಗಸೂಚಿ ಕೊಟ್ಟಿತು: ಮೂರು ವರ್ಷದೊಳಗಿನ 10 ಮಕ್ಕಳಿಗೆ ತರಬೇತಿ ಇರುವ ಒಬ್ಬರು, ಮೂರು ದಾಟಿದ್ದರೆ 20 ಮಕ್ಕಳಿಗೆ ಒಬ್ಬರು, ಜೊತೆಗೊಬ್ಬ ಸಹಾಯಕಿ. ಪ್ಲೇ ಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕು ಆಯೋಗದ ಮಾರ್ಗಸೂಚಿ ಬೇರೆ ಇದೆ. ಅದು ಮೂರರಿಂದ ಆರು ವರ್ಷದವರಿಗೆ. ನನ್ನ ಹತ್ತು ತಿಂಗಳ ಮಗ ಕಂಪನಿಯ ಕೇಂದ್ರದಲ್ಲೂ ಇಲ್ಲ, ಪ್ಲೇ ಸ್ಕೂಲಿನಲ್ಲೂ ಇಲ್ಲ. ಇವೆರಡರ ನಡುವೆ ಎಲ್ಲೋ ಕೌದಿ ಮೇಲೆ ಮಲಗಿದ್ದಾನೆ.

ಇನ್ನೊಂದು ಮಾತು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಏನಿತ್ತು ಗೊತ್ತಾ? ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಡಬೇಕು, ಅವಳಿಗೆ ಎಲ್ಲರ ಹಾಗೇ ಕೂಲಿ ಕೊಡಬೇಕು. ಕೆರೆ ಹೂಳು ತೆಗೆಯುವ ಜಾಗದಲ್ಲಿ, ಮರದ ನೆರಳಿನಲ್ಲಿ ಮಲಗಿದ ಐದು ಮಕ್ಕಳಿಗೆ ಒಬ್ಬರು ಬೇಕು ಅಂತ ಕಾನೂನಿಗೆ ಹೊಳೆದಿತ್ತು. ನಾನು ತಿಂಗಳಿಗೆ ದುಡ್ಡು ಕೊಟ್ಟು ಬಿಡುವ ಮನೆಯಲ್ಲಿ ಹನ್ನೊಂದಕ್ಕೆ ಒಬ್ಬರು.

ಹೊರದೇಶದಲ್ಲಿ ಈ ಎಣಿಕೆ ಆಗಾಗ ಬದಲಾಗುತ್ತೆ. ಇಂಗ್ಲೆಂಡಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ನರ್ಸರಿಗಳ ಎರಡು ವರ್ಷದ ಮಕ್ಕಳಿಗೆ ನಾಲ್ಕಕ್ಕೊಬ್ಬರು ಇದ್ದದ್ದನ್ನು ಐದಕ್ಕೊಬ್ಬರು ಮಾಡಿದರು. ಒಂದೇ ಒಂದು ಮಗು ಜಾಸ್ತಿ ಮಾಡಿದ್ದಕ್ಕೆ ತಂದೆತಾಯಿಗಳು ಗಲಾಟೆ ಎಬ್ಬಿಸಿದರು. ಅಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೂ ಲೆಕ್ಕ ಇದೆ. ಎಂಟು ವರ್ಷದೊಳಗಿನವರು ಒಟ್ಟು ಆರು, ಅದರಲ್ಲಿ ಐದರೊಳಗಿನವರು ಸಾಮಾನ್ಯವಾಗಿ ಮೂರು, ವರ್ಷ ತುಂಬದ ಕೂಸು ಒಂದು. ನಾವು ಅಷ್ಟು ಬಿಗಿ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಅಷ್ಟು ನಮ್ಮಿಂದ ಆಗಲ್ಲ.

ರೇಟು ಏರುತ್ತೆ ಅಂತಾರೆ. ಏರುತ್ತೆ. ನಾನು ಕೊಡುತ್ತೇನೆ. ಎಲ್ಲರಿಗೂ ಕೊಡಲು ಆಗಲ್ಲ ಅನ್ನೋದೂ ಗೊತ್ತು, ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಒಂದು ಕೇಳುತ್ತೇನೆ. ಆಟೋದಲ್ಲಿ ಶಾಲೆ ಮಕ್ಕಳನ್ನು ತುಂಬಿಕೊಂಡು ಹೋದರೆ ಪೊಲೀಸರು ನಿಲ್ಲಿಸಿ ದಂಡ ಹಾಕುತ್ತಾರೆ. ಅದು ಇಪ್ಪತ್ತು ನಿಮಿಷದ ದಾರಿ. ಇಲ್ಲಿ ಒಂಬತ್ತು ತಾಸು.

ಮರುದಿನ ಅಕ್ಕನ ಹತ್ತಿರ ಮೆಲ್ಲಗೆ ಮಾತೆತ್ತಿದೆ. ಅವರು ಹೇಳಿದ್ದು ಇಷ್ಟು: “ಏನ್ ಮಾಡ್ಲಿರಿ ಅಕ್ಕೋರೆ, ಎಲ್ಲಾರೂ ಅತ್ಕೋತ ಬರ್ತಾರ. ಒಬ್ಬರಿಗೆ ಹೂಂ ಅಂದು ಇನ್ನೊಬ್ಬರಿಗೆ ಇಲ್ಲ ಅಂತ ಹ್ಯಾಂಗ ಅನ್ಲಿ?”

ಆ ಮಾತು ನನ್ನನ್ನು ಬಿಟ್ಟಿಲ್ಲ. ಕಾನೂನು ಬೇಕು ಅನ್ನುವುದು ಆಕೆಗೆ ದಂಡ ಹಾಕಲು ಅಲ್ಲ. “ನನ್ನ ಮನಸ್ಸಿದೆ ರೀ, ಆದರೆ ರೂಲ್ಸ್ ಬಿಡಲ್ಲ” ಅನ್ನಲು ಆಕೆಗೊಂದು ನೆಪ ಬೇಕು. ನೆರೆಮನೆಯವರಿಗೆ, ನೆಂಟರಿಗೆ, ಒಂದೇ ಜಾತಿಯವರಿಗೆ, ಮನೆ ಮಾಲೀಕನ ಮಗಳಿಗೆ ಇಲ್ಲ ಅನ್ನುವುದು ನಮ್ಮೂರಲ್ಲಿ ಎಷ್ಟು ಕಷ್ಟ ಅಂತ ಇಲ್ಲಿ ಹುಟ್ಟಿದವರಿಗೇ ಗೊತ್ತು. ವರ್ಷ ತುಂಬದ ಕೂಸು ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಬೇಡ. ಒಟ್ಟು ಎಷ್ಟು ಮಕ್ಕಳು, ನೋಡುವವರು ಎಷ್ಟು ಜನ ಅಂತ ಬಾಗಿಲ ಮೇಲೆ ಬರೆದು ಹಾಕಲಿ. ಆಯಾ ಬಾರದ ದಿನ ಬೆಳಿಗ್ಗೆಯೇ ಫೋನ್ ಮಾಡಿ ಹೇಳಲಿ. ನಾನು ರಜೆ ಹಾಕುತ್ತೇನೆ.

ಮಗನನ್ನು ಅಲ್ಲಿಂದ ಬಿಡಿಸಿದೆನಾ ಅಂತ ಕೇಳಬಹುದು. ಇಲ್ಲ. ಬೇರೆ ಎಲ್ಲಿ ಬಿಡಲಿ?

ವಿರೋಧ: ಮೂರು ಗಂಟೆಗೆ ನಮ್ಮ ಮನೆಗೆ ಬನ್ನಿ

ಅಕ್ಕೋರು ಬರೆದದ್ದು ಓದಿದೆ. ಬಕೆಟ್ಟಿನ ಮಾತು ಓದುವಾಗ ನನ್ನ ಕೈಯೂ ತಣ್ಣಗಾಯಿತು. ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅಂಥ ಕನಸು ನನಗೂ ಬೀಳುತ್ತೆ.

ಆದರೆ ಆ ಮನೆಯಲ್ಲಿ ಆಗಬೇಕಿದ್ದದ್ದು ಏನು? ಬಚ್ಚಲಿನ ಬಾಗಿಲಿಗೆ ಹೊರಗಿನಿಂದ, ಮಕ್ಕಳ ಕೈಗೆ ಎಟುಕದ ಹಾಗೆ ಒಂದು ಚಿಲಕ. ಬಕೆಟ್ಟು ಬೋರಲು. ಡ್ರಮ್ಮಿಗೆ ಮುಚ್ಚಳ, ಮುಚ್ಚಳದ ಮೇಲೆ ಒಂದು ಕಲ್ಲು. ನಮ್ಮ ಮನೆಯಲ್ಲಿ ಮೊದಲ ಮಗು ಬರುವ ಹಿಂದಿನ ದಿನವೇ ಚಿಲಕ ಹಾಕಿಸಿದ್ದೆ. ನಾಲ್ಕೇ ಮಕ್ಕಳಿದ್ದು, ಇಬ್ಬರು ನೋಡುವವರಿದ್ದು, ಬಚ್ಚಲು ತೆರೆದಿದ್ದರೆ? ಒಬ್ಬರು ರೊಟ್ಟಿ ಬಡಿಯುತ್ತಿರುತ್ತಾರೆ, ಇನ್ನೊಬ್ಬರು ಫೋನಿನಲ್ಲಿರುತ್ತಾರೆ. ಮಗುವಿಗೆ ಎರಡು ನಿಮಿಷ ಸಾಕು. ತಲೆ ಎಣಿಸುವ ಕಾನೂನು ತಲೆಯನ್ನಷ್ಟೇ ಎಣಿಸುತ್ತೆ, ಚಿಲಕ ನೋಡಲ್ಲ.

ಹನ್ನೊಂದಕ್ಕೆ ಒಬ್ಬರು ಅನ್ನುವುದು ತಪ್ಪು. ಅದನ್ನು ನಾನು ಸಮರ್ಥಿಸಲ್ಲ. ನನ್ನ ತಕರಾರು ಬೇರೆ. ಕಾನೂನು ಬರೆಯುವವರು ಒಮ್ಮೆ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಗೆ ಬರಬೇಕು.

ನಮ್ಮಲ್ಲಿ ದಿನವಿಡೀ ಇರುವ ಮಕ್ಕಳು ಏಳು. ಎರಡು ವರ್ಷ ತುಂಬದವರು ಮೂವರು. ನಾನು, ಜೊತೆಗೊಬ್ಬ ಹೆಂಗಸು. ಮಧ್ಯಾಹ್ನದವರೆಗೆ ಎಲ್ಲಾ ಸರಾಗ. ಎರಡಕ್ಕೆ ಏಳೂ ಮಕ್ಕಳು ಮಲಗಿದರೆ ನಾವಿಬ್ಬರೂ ಊಟ ಮಾಡಿ, ಮೆಂತ್ಯೆ ಸೊಪ್ಪು ಸೋಸುತ್ತಾ ಕೂರುತ್ತೇವೆ. ಮೂರಕ್ಕೆ ಶಾಲೆ ಆಟೋ ಬರುತ್ತೆ. ಎದುರು ಮನೆಯ ಅಣ್ಣ-ತಂಗಿ, ಒಂದನೇ ಕ್ಲಾಸು ಮತ್ತು ಮೂರನೇ ಕ್ಲಾಸು, ಬ್ಯಾಗ್ ಎಸೆದು ಒಳಗೆ ನುಗ್ಗುತ್ತಾರೆ. ಅವರಮ್ಮ ಬರುವುದು ಆರಕ್ಕೆ. ಅಲ್ಲಿಗೆ ಒಂಬತ್ತು. ನಾಲ್ಕಕ್ಕೊಬ್ಬರು ಅಂತ ಕಾನೂನು ಬಂತು ಅನ್ನಿ. ಏಳಕ್ಕೆ ಇಬ್ಬರು ಸಾಕು, ಒಂಬತ್ತಕ್ಕೆ ಮೂವರು ಬೇಕು. ದಿನಕ್ಕೆ ಮೂರು ತಾಸಿಗೆ ಒಬ್ಬರನ್ನು ಎಲ್ಲಿಂದ ತರಲಿ? ಆ ಇಬ್ಬರು ಮಕ್ಕಳು ಬಂದರೆ ನಿಜ ಹೇಳಬೇಕೆಂದರೆ ನನಗೆ ಕೆಲಸ ಕಡಿಮೆ ಆಗುತ್ತೆ. ಸಣ್ಣವರ ಜೊತೆ ಆಡುತ್ತಾರೆ. ಆದರೆ ಲೆಕ್ಕದ ಪುಸ್ತಕದಲ್ಲಿ ಅವರೂ ಎರಡು ತಲೆ.

ಇನ್ನು ದುಡ್ಡು. ಮುಚ್ಚಿಡಲು ಏನಿದೆ, ಹೇಳಿಬಿಡುತ್ತೇನೆ. ಆರು ಮಕ್ಕಳಿಗೆ ತಿಂಗಳಿಗೆ 2,500. ಏಳನೆಯವಳ ತಾಯಿ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಾಳೆ, ಅವಳ ಹತ್ತಿರ 1,500. ಶಾಲೆ ಮಕ್ಕಳಿಬ್ಬರದು ಒಂದೊಂದು ಸಾವಿರ. ಒಟ್ಟು 18,500. ಜೊತೆಯ ಹೆಂಗಸಿಗೆ 6,000. ಗ್ಯಾಸು, ಕರೆಂಟು, ಬೇಸಿಗೆಯಲ್ಲಿ ನೀರಿನ ಟ್ಯಾಂಕರು, ಸೋಪು, ಫಿನಾಯಿಲು ಸೇರಿ 3,500 ಆಗೇ ಆಗುತ್ತೆ. ಉಳಿದದ್ದು 9,000. ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರೂವರೆವರೆಗಿನ ದುಡಿಮೆ ಅದು. ಮೂರನೆಯವರನ್ನು ಅರ್ಧ ದಿನಕ್ಕೆ ಇಟ್ಟುಕೊಂಡರೂ 4,000. ನನಗುಳಿಯುವುದು 5,000. ಇಲ್ಲಾ, ಒಂಬತ್ತು ಮಕ್ಕಳ ಮೇಲೆ ಹಂಚಿ, ತಲೆಗೆ ನಾಲ್ಕುನೂರೈವತ್ತು ಏರಿಸಬೇಕು.

ಅಕ್ಕೋರು ಕೊಡುತ್ತೇನೆ ಅಂದಿದ್ದಾರೆ. ಸಂತೋಷ. ಅವರದು ಸರ್ಕಾರಿ ಸಂಬಳ. ಮಿಲ್ಲಿನವಳು ಕೊಡಲ್ಲ, ಅವಳಿಂದ ಆಗಲ್ಲ. ಅವಳು ಏನು ಮಾಡುತ್ತಾಳೆ ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನನ್ನ ಹತ್ತಿರ ಬರುವ ಮುಂಚೆ ಅದನ್ನೇ ಮಾಡುತ್ತಿದ್ದಳು. ಎಂಟು ವರ್ಷದ ದೊಡ್ಡ ಮಗಳನ್ನು ಶಾಲೆ ಬಿಡಿಸಿ ಕೂಸಿನ ಹತ್ತಿರ ಕೂರಿಸುತ್ತಿದ್ದಳು. ಅಲ್ಲಿ ಒಂದು ಕೂಸಿಗೆ ಒಬ್ಬರು! ಇಂಗ್ಲೆಂಡಿನಲ್ಲೂ ಇರಲಿಕ್ಕಿಲ್ಲ ಅಂಥ ಲೆಕ್ಕ.

ಸರ್ಕಾರದ ಲೆಕ್ಕವನ್ನೂ ನೋಡೋಣ. ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ (2022ರಿಂದ ಅದರ ಹೆಸರು ಪಾಲನಾ) ಒಂದು ಕೇಂದ್ರಕ್ಕೆ 25 ಮಕ್ಕಳು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಆರು ತಿಂಗಳ ಕೂಸಿನಿಂದ ಹಿಡಿದು ಆರು ವರ್ಷದವರೆಗೆ. ಅಂಗನವಾಡಿಯಲ್ಲೂ ಅಷ್ಟೇ, ಒಬ್ಬರು ಮತ್ತು ಇನ್ನೊಬ್ಬರು. ಅದೂ ಚುನಾವಣೆ, ಸರ್ವೆ, ಪಲ್ಸ್ ಪೋಲಿಯೊ ಎಲ್ಲಾ ಅವರ ತಲೆ ಮೇಲೆ. ತನ್ನ ಮನೆಯಲ್ಲಿ ಹನ್ನೆರಡು-ಹದಿಮೂರಕ್ಕೆ ಒಬ್ಬರನ್ನಿಟ್ಟವರು ನನ್ನ ಮನೆಗೆ ಬಂದು ನಾಲ್ಕಕ್ಕೊಬ್ಬರು ಅಂದರೆ ನಾನೇನು ಹೇಳಲಿ?

ಉದ್ಯೋಗ ಖಾತ್ರಿಯ ಐದು ಮಕ್ಕಳ ಮಾತು ಅಕ್ಕೋರು ಬರೆದಿದ್ದಾರೆ. ಸರಿಯಾಗೇ ಬರೆದಿದ್ದಾರೆ. ಆದರೆ ಆ ಹೆಂಗಸಿಗೆ ಕೂಲಿ ಕೊಟ್ಟದ್ದು ಸರ್ಕಾರ. ಜೊತೆಯಲ್ಲಿ ಮಣ್ಣು ಹೊರುವ ತಾಯಂದಿರು ತಮ್ಮ ಸೆರಗಿನಿಂದ ಬಿಚ್ಚಿ ಕೊಡಲಿಲ್ಲ. ಕರ್ನಾಟಕದಲ್ಲಿ 2023ರಲ್ಲಿ 4,000 ಕೂಸಿನ ಮನೆ, ಅಂದರೆ ಸರ್ಕಾರದ್ದೇ ಶಿಶುಪಾಲನಾ ಕೇಂದ್ರ, ತೆರೆಯುತ್ತೇವೆ ಅಂತ ಸರ್ಕಾರದವರು ಹೇಳಿದರು. ಒಳ್ಳೆಯದೇ. ಅವು ಗ್ರಾಮ ಪಂಚಾಯಿತಿಗಳಲ್ಲಿ. ಆಳಂದ ರಸ್ತೆಯ ಬಡಾವಣೆಯಲ್ಲಿರುವ ನಾನು ಯಾವ ಪಂಚಾಯಿತಿಗೂ ಸೇರಲ್ಲ.

ನನ್ನ ತಂಗಿ ಮಗಳು ಇಂಗ್ಲೆಂಡಿನಲ್ಲಿದ್ದಾಳೆ, ಅವಳಿಗೂ ಸಣ್ಣ ಮಗು. ಅಲ್ಲಿ ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರೆ ಒಂಬತ್ತು ತಿಂಗಳ ಕೂಸಿನಿಂದಲೇ ವಾರಕ್ಕೆ 30 ತಾಸು, ವರ್ಷಕ್ಕೆ 38 ವಾರ ಸರ್ಕಾರವೇ ಖರ್ಚು ಕೊಡುತ್ತೆ. 2025ರ ಸೆಪ್ಟೆಂಬರಿನಿಂದ ಹಾಗಾಗಿದೆ. ಅಷ್ಟೆಲ್ಲಾ ಕೊಟ್ಟೂ ಅಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಸಂಖ್ಯೆ ಹತ್ತು-ಹನ್ನೆರಡು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿದಿದೆ. ತಲೆ ಎಣಿಸುವ ಕಾನೂನೊಂದೇ ಕಾರಣ ಅಂತ ಹೇಳಲಾರೆ. ಸಂಪಾದನೆ ಕಡಿಮೆ, ತುಂಬುವ ಕಾಗದ ಜಾಸ್ತಿ. ಆದರೆ ಅಲ್ಲೇ ಹೀಗಾದರೆ, ಒಂದು ಪೈಸೆ ಕೊಡದೆ ಲೆಕ್ಕ ಮಾತ್ರ ಕೇಳುವ ಕಡೆ ಎಷ್ಟು ಮನೆ ಉಳಿಯುತ್ತವೆ?

ಸಣ್ಣ ಪ್ರಶ್ನೆಗಳೂ ಇವೆ, ನಗಬೇಡಿ. ಎರಡು ವರ್ಷದೊಳಗಿನವರಿಗೆ ಒಂದು ಲೆಕ್ಕ, ಮೇಲಿನವರಿಗೆ ಒಂದು ಲೆಕ್ಕ ಅಂದರೆ ಹುಟ್ಟುಹಬ್ಬದ ದಿನ ಮಗು ಆ ಕಡೆಯಿಂದ ಈ ಕಡೆ ಹಾರುತ್ತೆ. ಕೇಕು ಕತ್ತರಿಸುವ ಹೊತ್ತಿಗೆ ನನ್ನ ಲೆಕ್ಕ ಸರಿಹೋಗುತ್ತೆ, ಹಿಂದಿನ ರಾತ್ರಿವರೆಗೆ ನಾನು ಕಾನೂನು ಮುರಿದವಳು. ಮಗಳು ಹೆರಿಗೆಗೆ ಬಂದಾಗ ಅವಳ ಮೊದಲ ಮಗನೂ ಬರುತ್ತಾನೆ. ನನ್ನ ಮೊಮ್ಮಗ ಲೆಕ್ಕಕ್ಕಿದ್ದಾನಾ, ಇಲ್ಲವಾ? ನಮ್ಮತ್ತೆಗೆ ಎಪ್ಪತ್ತನಾಲ್ಕು. ಮಕ್ಕಳೆಲ್ಲ ಆಯಿ ಅಂತಾರೆ. ಕಣ್ಣು ಮಂಜು, ಕಿವಿ ಚುರುಕು. ಒಳಗಿನ ಖೋಲಿಯಲ್ಲಿ ಕೂಸು ಅತ್ತರೆ “ಅದು ಹಸಿವಿನದಲ್ಲ, ಕಿವಿ ನೋವಿಂದು, ನೋಡು ಹೋಗು” ಅಂತಾರೆ. ಹತ್ತಕ್ಕೆ ಎಂಟು ಸಲ ಅದೇ ನಿಜ. ಯಾವ ಕಾನೂನಿನಲ್ಲೂ ಅವರು ಒಬ್ಬ ಆಳು ಅಲ್ಲ. ತರಬೇತಿ ಆಗಿಲ್ಲವಲ್ಲ!

ಬೇಸಿಗೆಯ ಕತೆ ಇನ್ನೂ ಬೇರೆ. ಏಪ್ರಿಲ್-ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ. ಬಿಸಿಲು ಅಷ್ಟು. ಆಗ ಮಕ್ಕಳು ಏಳು ಗಂಟೆಗೇ ನಿದ್ದೆಗಣ್ಣಲ್ಲಿ, ಅಪ್ಪನ ಹೆಗಲ ಮೇಲೆ ಜೋಲುತ್ತಾ ಬರುತ್ತಾರೆ. ಶಾಲೆಗೆ ರಜೆ, ಹಾಗಾಗಿ ದೊಡ್ಡವರಿಬ್ಬರೂ ಬೆಳಿಗ್ಗೆಯಿಂದಲೇ. ಎರಡು ಗಂಟೆಗೆ ಮನೆ ಖಾಲಿ. ಟೀಚರ್‌ಗಳ ಮಕ್ಕಳು ಎರಡು ತಿಂಗಳು ಬರುವುದೇ ಇಲ್ಲ, ಫೀಸೂ ಇಲ್ಲ. (ಅಕ್ಕೋರೇ, ಇದನ್ನೂ ಒಮ್ಮೆ ಮಾತಾಡೋಣ.) ವರ್ಷದಲ್ಲಿ ಮೂರು ಥರ ಬದಲಾಗುವ ಮನೆಗೆ ಬೆಂಗಳೂರಿನಲ್ಲಿ ಕೂತು ಒಂದೇ ಅಂಕಿ ಬರೆದರೆ ಹೇಗೆ?

ಬರೆದ ಮೇಲೆ ನೋಡಲು ಯಾರಾದರೂ ಬರಬೇಕಲ್ಲ. ಬಂದವರಿಗೆ ಚಹಾ ಕೊಡಬೇಕು. ಚಹಾದ ಜೊತೆ ಇನ್ನೇನು ಕೊಡಬೇಕಾಗುತ್ತೆ ಅಂತ ಅಂಗಡಿ ಇಟ್ಟವರನ್ನು ಯಾರನ್ನಾದರೂ ಕೇಳಿ. ಆಗ ಏನಾಗುತ್ತೆ ಅಂದರೆ, ಬೋರ್ಡು ಇರುವವರು ಬೋರ್ಡು ಇಳಿಸುತ್ತಾರೆ. “ನಮ್ಮ ಅಕ್ಕನ ಮಕ್ಕಳು ರೀ” ಅಂತಾರೆ. ಅಧಿಕಾರಿ ಓಣಿಗೆ ಬಂದ ಸುದ್ದಿ ಸಿಕ್ಕರೆ ನಾಲ್ಕು ಮಕ್ಕಳನ್ನು ಮಾಳಿಗೆಗೆ ಕಳಿಸುತ್ತಾರೆ. ಮೇ ತಿಂಗಳಲ್ಲಿ ಕಲಬುರಗಿಯ ಮಾಳಿಗೆ! ಬಕೆಟ್ಟಿಗಿಂತ ಅದು ಸುರಕ್ಷಿತವಾ?

ಹಾಗಾದರೆ ಏನೂ ಬೇಡವಾ ಅಂದರೆ, ಬೇಕು. ವರ್ಷಕ್ಕೊಮ್ಮೆ ಯಾರಾದರೂ ಬಂದು ಬಚ್ಚಲು, ಮೆಟ್ಟಿಲು, ಗ್ಯಾಸ್ ಸಿಲಿಂಡರು ನೋಡಲಿ. ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ಒಂದು ದಿನ ಕಲಿಸಲಿ. ನಾನು ದುಡ್ಡು ಕೊಟ್ಟಾದರೂ ಕಲಿಯುತ್ತೇನೆ. ವರ್ಷ ತುಂಬದವು ಒಬ್ಬರಿಗೆ ಎರಡೇ ಅಂತ ಅಕ್ಕೋರು ಹೇಳಿದ್ದಕ್ಕೆ ನಾನು ಒಪ್ಪುತ್ತೇನೆ, ಅದು ಕೈಯ ಲೆಕ್ಕ. ಉಳಿದ ಅಂಕಿ ಬರೆಯುವ ಮೊದಲು ನನ್ನ ಜೊತೆಯ ಹೆಂಗಸಿನ ಆರು ಸಾವಿರದಲ್ಲಿ ಮೂರು ಸಾವಿರ ಯಾರು ಕೊಡುತ್ತಾರೆ ಅಂತ ಬರೆಯಲಿ. ಆ ಸಾಲು ಮೊದಲು ಬಂದರೆ ನಾನೇ ಬಾಗಿಲ ಮೇಲೆ ಬೋರ್ಡು ಹಾಕುತ್ತೇನೆ.

ನೆಪದ ಮಾತೊಂದು ಉಳಿಯಿತು. ಇಲ್ಲ ಅನ್ನಲು ಕಾನೂನಿನ ನೆಪ ಬೇಕು ಅಂತ ಅಕ್ಕೋರು ಬರೆದರಲ್ಲ, ಅದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೋದ ಶುಕ್ರವಾರ ಒಬ್ಬ ನರ್ಸ್ ಬಂದಿದ್ದಳು. ಏಳು ತಿಂಗಳ ಕೂಸು. ರಜೆ ಮುಗಿದಿದೆ, ಅತ್ತೆ ಬೀದರಿನಲ್ಲಿ, ತಾಯಿ ಇಲ್ಲ. ವರ್ಷ ತುಂಬದವು ನನ್ನ ಹತ್ತಿರ ಈಗಾಗಲೇ ಎರಡಿವೆ, ಜಾಗ ಇಲ್ಲ ತಂಗಿ ಅಂದೆ. ಅವಳು ವಾದ ಮಾಡಲಿಲ್ಲ. ಮೆಟ್ಟಿಲ ಮೇಲೆ ಅರ್ಧ ತಾಸು ಕೂತಳು. ಆಯಿ ಒಳಗಿನಿಂದ ನೀರು ಕಳಿಸಿದರು. ಕೂಸು ನನ್ನ ಸೆರಗಿನ ತುದಿ ಹಿಡಿದು ಬಾಯಿಗಿಟ್ಟುಕೊಂಡಿತ್ತು, ಅದನ್ನು ಮೆಲ್ಲಗೆ ಬಿಡಿಸಿದೆ. ಸೋಮವಾರ ಮತ್ತೆ ಬರುತ್ತೇನೆ ಅಂತ ಹೇಳಿ ಹೋಗಿದ್ದಾಳೆ.